ಸಾಲದ ಅನುಪಾತವೂ ಗಿರವಿ ಅಂಗಡಿಯ ಬಳೆಯೂ

2023ರ ಜುಲೈ 1ರಂದು ಎಚ್‌ಡಿಎಫ್‌ಸಿ ಎಂಬ ಗೃಹಸಾಲ ಸಂಸ್ಥೆ ಅದೇ ಹೆಸರಿನ ಬ್ಯಾಂಕಿನಲ್ಲಿ ವಿಲೀನವಾಯಿತು. ಹಿಂದಿನ ದಿನ ಯಾರು ಎಷ್ಟು ಬಾಕಿ ಕಟ್ಟಬೇಕಿತ್ತೋ ಅಂದೂ ಅಷ್ಟೇ. ಒಬ್ಬನಿಗೂ ಹೊಸ ಮನೆ ಸಿಗಲಿಲ್ಲ. ಆದರೆ ದೇಶದ ಬ್ಯಾಂಕ್ ಸಾಲದ ಮೊತ್ತ ದಿಢೀರನೆ ಮೇಲೇರಿತು. ಅಲ್ಲಿಂದ ಬಹಳ ದಿನ ರಿಸರ್ವ್ ಬ್ಯಾಂಕ್ ಸಾಲದ ಬೆಳವಣಿಗೆಯನ್ನು ಎರಡು ಬಗೆಯಲ್ಲಿ ಹೇಳಬೇಕಾಯಿತು: ವಿಲೀನ ಸೇರಿಸಿ ಒಂದು, ಬಿಟ್ಟು ಇನ್ನೊಂದು.

ಹೀಗೆ ಜಿಗಿಯಬಲ್ಲ ಮೊತ್ತದ ಮೇಲೆ ದೊಡ್ಡ ತೀರ್ಮಾನಗಳು ನಿಂತಿವೆ. ಒಂದು ದೇಶದ ಹಣಕಾಸು ವ್ಯವಸ್ಥೆ ಎಷ್ಟು ಆಳವಾಗಿದೆ ಎಂದು ತಿಳಿಯಲು ಖಾಸಗಿ ವಲಯಕ್ಕೆ ಸಿಕ್ಕ ಸಾಲವನ್ನು ಜಿಡಿಪಿಯಿಂದ ಭಾಗಿಸುವುದು ವಾಡಿಕೆ. ಆ ಶೇಕಡಾವಾರು ಭಾರತದಲ್ಲಿ 50ರ ಆಸುಪಾಸಿನಲ್ಲಿದೆ, ಚೀನಾದಲ್ಲಿ 180ನ್ನು ದಾಟಿದೆ. 1969ರಲ್ಲಿ ಅರ್ಥಶಾಸ್ತ್ರಜ್ಞ ರೇಮಂಡ್ ಗೋಲ್ಡ್‌ಸ್ಮಿತ್ 35 ದೇಶಗಳ 1860ರಿಂದ 1963ರವರೆಗಿನ ಲೆಕ್ಕ ಜೋಡಿಸಿ, ಆರ್ಥಿಕತೆ ಬೆಳೆದಂತೆ ಹಣಕಾಸು ಸಂಸ್ಥೆಗಳೂ ಹಿಗ್ಗುತ್ತವೆ ಎಂದು ತೋರಿಸಿದರು. ಯಾವುದು ಕಾರಣ, ಯಾವುದು ಪರಿಣಾಮ ಎಂಬಲ್ಲಿ ಅವರು ಎಚ್ಚರ ತಪ್ಪಲಿಲ್ಲ. 1993ರಲ್ಲಿ ರಾಬರ್ಟ್ ಕಿಂಗ್ ಮತ್ತು ರಾಸ್ ಲೆವೈನ್ 80 ದೇಶಗಳ ಅಂಕಿಅಂಶಗಳನ್ನಿಟ್ಟುಕೊಂಡು, ಇಂದಿನ ಆಳ ಮುಂದಿನ ಬೆಳವಣಿಗೆಯ ಸೂಚನೆ ಎಂದರು. ಆಮೇಲೆ ಈ ಅನುಪಾತ ಏರಿದರೆ ಸಮಾಧಾನ, ಇಳಿದರೆ ಆತಂಕ ಎಂಬ ರೂಢಿ ಬೆಳೆಯಿತು.

ಭಾಗಾಕಾರದಲ್ಲೇ ಎಡವಟ್ಟುಗಳಿವೆ. ಸಾಲದ ಬಾಕಿ ವರ್ಷದ ಕೊನೆಯ ದಿನದ್ದು, ಜಿಡಿಪಿ ಇಡೀ ವರ್ಷದ್ದು. ಬೆಲೆಗಳು ಸರ್ರನೆ ಏರುವ ದೇಶದಲ್ಲಿ ಇದರಿಂದ ಅನುಪಾತ ಸುಳ್ಳುಸುಳ್ಳೇ ಉಬ್ಬುತ್ತದೆ. ಅದಕ್ಕೆ ಎರಡು ವರ್ಷಾಂತ್ಯಗಳ ಬಾಕಿಯನ್ನು ಬೆಲೆ ಸೂಚ್ಯಂಕದಿಂದ ಸರಿಪಡಿಸಿ ಸರಾಸರಿ ತೆಗೆಯುವ ಮದ್ದಿದೆ. ಐರ್ಲೆಂಡಿನಲ್ಲಿ 2015ರಲ್ಲಿ ಆದದ್ದಕ್ಕೆ ಮದ್ದು ಅಷ್ಟು ಸುಲಭವಲ್ಲ. ಬಹುರಾಷ್ಟ್ರೀಯ ಕಂಪನಿಗಳು ಪೇಟೆಂಟಿನಂಥ ಆಸ್ತಿಯನ್ನು ಕಾಗದದ ಮೇಲೆ ಅಲ್ಲಿಗೆ ಸಾಗಿಸಿದ್ದೇ ಮುಖ್ಯ ಕಾರಣವಾಗಿ, ಜಿಡಿಪಿ ಒಂದೇ ವರ್ಷಕ್ಕೆ ಶೇ. 26ರಷ್ಟು ಬೆಳೆಯಿತೆಂಬ ಲೆಕ್ಕ ಹೊರಬಿತ್ತು. ಬ್ಯಾಂಕುಗಳು ಕೈಕಟ್ಟಿ ಕೂತಿದ್ದರೂ ಸಾಲದ ಅನುಪಾತ ಕುಸಿಯಲು ಅದೊಂದೇ ಸಾಕಾಗಿತ್ತು.

ಇವೆಲ್ಲ ಲೆಕ್ಕಿಗರ ತಲೆನೋವು ಎಂದು ಬಿಟ್ಟುಬಿಡಬಹುದು. ಇನ್ನೊಂದನ್ನು ಬಿಡಲಾಗದು. ಹೆಣ್ಣುಮಗಳೊಬ್ಬಳು ಗಿರವಿ ಅಂಗಡಿಯಲ್ಲಿದ್ದ ತನ್ನ ಬಳೆ ಬಿಡಿಸಿಕೊಂಡು ಬ್ಯಾಂಕಿನಲ್ಲಿ ಅಡವಿಟ್ಟಳು ಎನ್ನಿ. ಅವಳ ಸಾಲ ಹೆಚ್ಚಿಲ್ಲ, ಆದರೆ ಲೆಕ್ಕದಲ್ಲೇ ಇಲ್ಲದ ಸಾಲ ಲೆಕ್ಕಕ್ಕೆ ಬಂತು; ದೇಶದ ಅನುಪಾತ ಕೂದಲೆಳೆಯಷ್ಟು ಏರಿತು. ವಿಲೀನದಲ್ಲಿ ಆದದ್ದೂ ಇದೇ, ಸಾಲ ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹೋಯಿತು. ಆದರೂ ಎರಡೂ ಒಂದಲ್ಲ. ಬಳೆಯ ಮೇಲಿನ ಬಡ್ಡಿ ಇಳಿದಿದೆ, ಕೈಗೆ ರಸೀದಿ ಬಂದಿದೆ, ಹರಾಜಿಗೆ ಮುಂಚೆ ನೋಟಿಸ್ ಬರಲೇಬೇಕು. ಒಂದು ಕಡೆ ಸಾಲಗಾರಳ ಸ್ಥಿತಿ ಬದಲಾಯಿತು, ಇನ್ನೊಂದು ಕಡೆ ಬೋರ್ಡು ಬದಲಾಯಿತು. ಅನುಪಾತಕ್ಕೆ ಈ ವ್ಯತ್ಯಾಸ ಕಾಣುವುದಿಲ್ಲ.

ಕಾಣುವ ಲೆಕ್ಕವೂ ಭಾರತದಲ್ಲಿದೆ. 1951–52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ಬ್ಯಾಂಕನ್ನು ಬಿಟ್ಟು ಸಾಲಗಾರನನ್ನೇ ಕೇಳಿತು, ಯಾರ ಹತ್ತಿರ ತಂದೆ ಎಂದು. ಸರ್ಕಾರದಿಂದ ಶೇ. 3.3, ಸಹಕಾರ ಸಂಘದಿಂದ 3.1, ವಾಣಿಜ್ಯ ಬ್ಯಾಂಕಿನಿಂದ 0.9. ಮಿಕ್ಕಿದ್ದರಲ್ಲಿ ಸಿಂಹಪಾಲು ಲೇವಾದೇವಿಗಾರರದ್ದು. ಬ್ಯಾಂಕುಗಳು ತಾವಾಗಿ ಬಾಗಿಲಿಗೆ ಹೋದದ್ದಿಲ್ಲವೇ? ಉಂಟು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ದಿನವೂ ಮನೆ, ಅಂಗಡಿಗೆ ಬಂದು ಎರಡಾಣೆಯನ್ನೂ ಬೇಡವೆನ್ನದೆ ಪಡೆಯುತ್ತಿದ್ದರು. ಆದರೆ ಬೊಂಬಾಯಿಯ ಒಂದು ಬಟ್ಟೆ ಗಿರಣಿಯ ಸಾಲದ ಮುಂದೆ ಈ ಎರಡಾಣೆಗಳಿಂದ ಕೊಟ್ಟ ಸಾಲ ರಾಷ್ಟ್ರೀಯ ಅನುಪಾತದಲ್ಲಿ ಎಲ್ಲಿ ಕಂಡೀತು!

1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. 1977ರಲ್ಲಿ ಬಂದ ನಿಯಮದಂತೆ, ಈಗಾಗಲೇ ಬ್ಯಾಂಕಿರುವ ಊರಿನಲ್ಲಿ ಒಂದು ಶಾಖೆ ತೆರೆಯಬೇಕೆಂದರೆ ಬ್ಯಾಂಕಿಲ್ಲದ ನಾಲ್ಕು ಊರುಗಳಲ್ಲಿ ತೆರೆಯಬೇಕಿತ್ತು. ಇದೇ ಬಗೆಯ ಮುಂದಿನ ಸಮೀಕ್ಷೆಗಳ ಪ್ರಕಾರ, ಹಳ್ಳಿಯ ಸಾಲದಲ್ಲಿ ಸರ್ಕಾರ, ಸಹಕಾರ ಸಂಘ, ಬ್ಯಾಂಕುಗಳಂಥ ಸಂಸ್ಥೆಗಳ ಪಾಲು 1981ಕ್ಕೆ ಶೇ. 61, 1991ಕ್ಕೆ 64 ಮುಟ್ಟಿತು. 1990ರಲ್ಲಿ ನಿಯಮ ಹೋಯಿತು. 2002ರ ಸಮೀಕ್ಷೆಯಲ್ಲಿ ಆ ಪಾಲು 57ಕ್ಕೆ ಇಳಿದಿತ್ತು. ಅದೇ ಅವಧಿಯಲ್ಲಿ ಖಾಸಗಿ ಸಾಲದ ಅನುಪಾತ ಸುಮಾರು 25ರಿಂದ 32ರ ಹತ್ತಿರಕ್ಕೆ ಏರಿತು. ಒಂದು ಅಳತೆಯ ಪ್ರಕಾರ ವ್ಯವಸ್ಥೆ ಆಳವಾಗುತ್ತಿದ್ದಾಗಲೇ ಹಳ್ಳಿಗರು ಮತ್ತೆ ಲೇವಾದೇವಿಗಾರನ ಜಗುಲಿ ಹತ್ತುತ್ತಿದ್ದರು. ಹಳ್ಳಿಯ ಶಾಖೆಗಳು ನಷ್ಟದಲ್ಲಿದ್ದವು, ಸಾಲ ವಸೂಲಾಗುತ್ತಿರಲಿಲ್ಲ, ಬ್ಯಾಂಕು ಉಳಿಯಬೇಕಲ್ಲ ಎಂಬ ವಾದದಲ್ಲಿ ಹುರುಳಿದೆ. ಹಾಗಿದ್ದರೆ ಸುಧಾರಿಸಿದ್ದು ಬ್ಯಾಂಕುಗಳ ಆರೋಗ್ಯ ಎಂದು ನೇರವಾಗಿ ಹೇಳಬೇಕು. ಅದನ್ನು ಆಳದ ಲೆಕ್ಕಕ್ಕೆ ಜಮಾ ಮಾಡುವುದು ಸರಿಯಲ್ಲ.

ಹೆಚ್ಚಾದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ಈಗ ಗಟ್ಟಿಯಾಗಿಲ್ಲ. 2008ರ ಬಿಕ್ಕಟ್ಟಿನ ನಂತರ ಅರ್ಕಾಂಡ್, ಬೆರ್ಕೆಸ್, ಪಾನಿಜ್ಜಾ ಎಂಬ ಮೂವರು ಅರ್ಥಶಾಸ್ತ್ರಜ್ಞರು, ಖಾಸಗಿ ಸಾಲ ಜಿಡಿಪಿಯ ಶೇ. 100ರ ಆಸುಪಾಸು ದಾಟಿದ ಮೇಲೆ ಬೆಳವಣಿಗೆಗೆ ಅಡ್ಡಿಯಾಗುತ್ತದೆ ಎಂದು ವಾದಿಸಿದರು.

ಸಮೀಕ್ಷೆಗೂ ಕುರುಡುಮೂಲೆಗಳಿವೆ ಎನ್ನಿ. 2019ರ ಸುತ್ತಿನಲ್ಲಿ ಹಳ್ಳಿಯ ಸಾಲದ ಶೇ. 66 ಸಂಸ್ಥೆಗಳದ್ದಾಗಿತ್ತು, ಆ ಸಂಸ್ಥೆಗಳ ಸಾಲಿನಲ್ಲಿ ಮೈಕ್ರೋಫೈನಾನ್ಸ್ ಕಂಪನಿಗಳೂ ಇವೆ. ವಸೂಲಿಗೆ ಬಂದವರ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ವಾರದ ಕಂತಿಗೆ ಬಾಗಿಲು ಬಡಿಯುವವನಿಗೆ ನೋಂದಣಿ ಇದೆಯೋ ಇಲ್ಲವೋ ಎಂಬುದು ಒಳಗಿರುವವಳಿಗೆ ಎಷ್ಟರ ಮಟ್ಟಿಗೆ ಮುಖ್ಯ ಎಂದು ಯಾವ ಸಮೀಕ್ಷೆಯೂ ಕೇಳುವುದಿಲ್ಲ. ಇಷ್ಟಾದರೂ ಅನುಪಾತಕ್ಕಿಂತ ಅದು ವಾಸಿ, ಏಕೆಂದರೆ ಅದು ಮನೆಯೊಳಗೆ ಹೋಗಿ ಮಾತಾಡಿಸುತ್ತದೆ. ತೊಂದರೆಯೆಂದರೆ, ಬ್ಯಾಂಕ್ ಸಾಲದ ಅಂಕಿಅಂಶ ಹದಿನೈದು ದಿನಕ್ಕೊಮ್ಮೆ ಬರುತ್ತದೆ, ಸಮೀಕ್ಷೆ ಸುಮಾರು ಹತ್ತು ವರ್ಷಕ್ಕೊಮ್ಮೆ. ಪತ್ರಿಕೆಗಳ ವಾಣಿಜ್ಯ ಪುಟವೂ ಬಜೆಟ್ ಚರ್ಚೆಯೂ ಮೊದಲನೆಯದರ ಬೆನ್ನು ಹತ್ತುತ್ತವೆ.