ಮರೆಯಲ್ಲಿ ಹಿಡಿದ ಕೈ

ಉಪಕಾರವು ಎರಡು ಬಗೆಯದು: ಕಾಣುವುದು, ಕಾಣದಿರುವುದು. ಕಾಣದ ಉಪಕಾರವು ಕೃತಜ್ಞತೆಯನ್ನೂ ಬಯಸದಾದ್ದರಿಂದ ಅದೇ ಮೇಲೆಂದು ಹೇಳುವುದುಂಟು. ಆದರೆ ಪಡೆದವನಿಗೆ ತಿಳಿಯದಂತೆ ಮಾಡಿದ ಸಹಾಯದಲ್ಲಿ ವಂಚನೆಯ ಲೇಶವೂ ಇಲ್ಲವೆ? ತನ್ನ ಬಲದಿಂದಲೇ ಗೆದ್ದೆನೆಂದು ತಿಳಿದವನ ನಂಬಿಕೆ ಸುಳ್ಳಾಗುವುದಿಲ್ಲವೆ? ಈ ಪ್ರಶ್ನೆಗೆ ಒಂದು ಒಳ್ಳೆಯ ನಿದರ್ಶನವು, ಬರಿಯ ಮಕ್ಕಳ ವಿನೋದವೆಂದು ಹಿರಿಯರು ಕಡೆಗಣಿಸುವ ವಿಡಿಯೋ ಆಟಗಳಲ್ಲಿ ದೊರೆಯುತ್ತದೆ.

ಜಪಾನಿನ ನಿಂಟೆಂಡೊ ಸಂಸ್ಥೆಯು 1985ರಲ್ಲಿ ಹೊರತಂದ ‘ಸೂಪರ್ ಮಾರಿಯೊ ಬ್ರದರ್ಸ್’ ಎಂಬ ಆಟವನ್ನು ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಎಂಬವರು ರೂಪಿಸಿದರು. ಓಡುತ್ತ, ನೆಗೆಯುತ್ತ, ಹಳ್ಳಗಳನ್ನು ದಾಟುತ್ತ ಮುಂದೆ ಸಾಗುವುದೇ ಅದರ ಕ್ರಮ. ಮೊದಲನೆಯ ಘಟ್ಟದಲ್ಲಿ ಉಪದೇಶದ ಮಾತು ಒಂದೂ ಇಲ್ಲ. ಉಪದೇಶವೆಲ್ಲ ನೆಲದ ರಚನೆಯಲ್ಲೇ ಅಡಗಿದೆ. ಮಾರಿಯೊ ತೆರೆಯ ಎಡಗಡೆ ಬಲಕ್ಕೆ ಮುಖಮಾಡಿ ನಿಂತಿರುವನು. ಅವನ ಮುಂದೆ ಬರಿಯ ಬಯಲು. ಹೋಗತಕ್ಕ ದಿಕ್ಕನ್ನು ಯಾರೂ ಹೇಳಬೇಕಾಗಿಲ್ಲ. ಕೊಂಚ ದೂರದಲ್ಲೇ ಗೂಂಬಾ ಎಂಬ ಶತ್ರುವು ಎದುರಾಗುವುದು. ನೆಗೆಯದವನು ಸಾಯುವನು, ಆದರೆ ಆಟ ತೊಡಗಿ ಕೆಲವೇ ಕ್ಷಣಗಳಾಗಿರುವುದರಿಂದ ನಷ್ಟ ಅತ್ಯಲ್ಪ, ಪಾಠ ಪೂರ್ಣ. ಬಳಿಕ ಒಂದು ಪೆಟ್ಟಿಗೆಯಿಂದ ಅಣಬೆಯು ಹೊರಬರುವುದು. ಅದರ ಆಕಾರ ಆ ಶತ್ರುವನ್ನೇ ಹೋಲುವುದರಿಂದ ಹೊಸಬನು ಬೆದರುವನು. ಅಣಬೆಯು ಬಲಕ್ಕೆ ಸರಿದು, ಅಲ್ಲಿ ನಿಂತ ಕೊಳವೆಗೆ ತಾಗಿ, ಹಿಂದಿರುಗಿ ಅವನತ್ತಲೇ ಬರುವುದು. ನೆಗೆದು ತಪ್ಪಿಸಿಕೊಳ್ಳಹೋದರೆ ಮೇಲಿನ ಇಟ್ಟಿಗೆಗೆ ತಲೆ ಬಡಿದು ಅದರ ಮೇಲೆಯೇ ಬೀಳುವ ಸಂಭವವೇ ಹೆಚ್ಚು. ತಾಗಿದೊಡನೆ ಮಾರಿಯೊ ದೊಡ್ಡವನಾಗುವನು. ಅಂಜಿದ ವಸ್ತುವೇ ವರವಾಗುವುದು! ಇದು ಬೇಕೆಂದೇ ಮಾಡಿದ ಏರ್ಪಾಡೆಂದು ಮಿಯಾಮೊಟೊ ಅವರೇ ವಿವರಿಸಿದ್ದಾರೆ. ಇದೇ ಘಟ್ಟದಲ್ಲಿ ಮುಂದೆ, ಎದುರುಬದುರಾದ ಮೆಟ್ಟಿಲುಗಳು ಎರಡು ಜೊತೆ ಇವೆ. ಮೊದಲ ಜೊತೆಯ ನಡುವೆ ಗಟ್ಟಿ ನೆಲ; ಎರಡನೆಯದರ ನಡುವೆ ಪಾತಾಳ. ಅಭ್ಯಾಸ ಮೊದಲು, ಅಪಾಯ ಆಮೇಲೆ.

ಈ ಪರಂಪರೆಯ ಮುಂದಿನ ಆಟಗಳಲ್ಲಿ ಸಹಾಯವು ಇನ್ನೂ ಸೂಕ್ಷ್ಮವಾಯಿತು. ಅಮೆರಿಕದ ವ್ಯಂಗ್ಯಚಿತ್ರಗಳಲ್ಲಿ ಕೊಯೋಟಿ ಎಂಬ ತೋಳನಂತಹ ಪ್ರಾಣಿಯೊಂದು ಬಂಡೆಯ ಅಂಚನ್ನು ದಾಟಿ ಗಾಳಿಯಲ್ಲೇ ಓಡುವುದು. ಕೆಳಗೆ ನೋಡಿದ ಮೇಲೆಯೇ ಬೀಳುವುದು. ಅಂತೆಯೇ, ನೆಲದ ಅಂಚನ್ನು ದಾಟಿದ ಮೇಲೂ ಕ್ಷಣಕಾಲ ನೆಗೆಯಲು ಅವಕಾಶ ಕೊಡುವ ಯುಕ್ತಿಗೆ ‘ಕೊಯೋಟಿ ಟೈಮ್’ ಎಂದು ಹೆಸರು. 2018ರ ‘ಸೆಲೆಸ್ಟ್’ ಎಂಬ ಆಟದಲ್ಲಿ ಈ ಅವಕಾಶ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು. ಆಡುವವನಿಗೆ ಇದು ತಿಳಿಯುವುದೇ ಇಲ್ಲ. ಅಂಚಿನಲ್ಲೇ ನೆಗೆದೆನೆಂದು ಅವನು ಹಿಗ್ಗುವನು.

ಇದು ಮೋಸವೇ ಎಂದು ಆಕ್ಷೇಪಿಸುವವರುಂಟು, ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಕಣ್ಣು ಕಂಡುದನ್ನು ಬೆರಳು ಮಾಡಲು ಕೊಂಚ ತಡವಾಗುವುದು ಸಹಜ. ಯಂತ್ರವು ಆ ತಡವನ್ನು ಕ್ಷಮಿಸಿ ಆಡುವವನ ಉದ್ದೇಶವನ್ನು ಗೌರವಿಸುವುದೆಂದು ಸಮಾಧಾನ ಹೇಳಬಹುದು. ಆದರೂ ಅವನು ನಂಬಿದ್ದು ನಿಜವಲ್ಲ. ಹಾಗಾದರೆ ಹಿತವಾದ ಮರೆಗೂ ವಂಚನೆಗೂ ಭೇದವೆಲ್ಲಿ?

ಒಂದು ಪರೀಕ್ಷೆಯುಂಟು: ಗುಟ್ಟು ಬಯಲಾದ ಮೇಲೆ ಏನು ಉಳಿಯುವುದೆಂದು ನೋಡತಕ್ಕದ್ದು. 1986ರಲ್ಲಿ ಜಪಾನಿನಲ್ಲಿ ಹೊರಬಂದ ಮಾರಿಯೊ ಆಟದ ಎರಡನೆಯ ಭಾಗದಲ್ಲಿ ವಿಷದ ಅಣಬೆಯು ಸೇರಿತು. ಮೊದಲ ಆಟ ಬೆಳೆಸಿದ ನಂಬಿಕೆಯೇ ಇಲ್ಲಿ ಬಲೆಯಾಯಿತು. ನುರಿತವರ ಆಟದಲ್ಲಿ ಅದೂ ವಿನೋದವೇ, ಬಾಳಿನಲ್ಲಾದರೆ ದ್ರೋಹ. ಆದರೆ ಬಲೆಯ ಬಲವೆಲ್ಲ ಅಜ್ಞಾನದಲ್ಲಿದೆ. ತಿಳಿದವನನ್ನು ಅದು ಹಿಡಿಯಲಾರದು. ಇದಕ್ಕೆ ಪ್ರತಿಯಾಗಿ, ‘ಸೆಲೆಸ್ಟ್’ ರೂಪಿಸಿದ ಮ್ಯಾಡಿ ಥಾರ್ಸನ್ ಅವರು 2020ರಲ್ಲಿ ತಮ್ಮ ಆಟದ ಇಂಥ ಕ್ಷಮೆಗಳನ್ನು ತಾವಾಗಿಯೇ ಪ್ರಕಟಪಡಿಸಿದರು. ಹೇಳಿದ ಮಾತ್ರಕ್ಕೆ ಆ ಸಹಾಯವು ನಿಲ್ಲಲಿಲ್ಲ. ತಿಳಿದವನನ್ನೂ ತಿಳಿಯದವನನ್ನೂ ಅದು ಸಮನಾಗಿಯೇ ಹಿಡಿಯುವುದು. ಬೆಳಕಿಗೆ ಅಂಜದ ಗುಟ್ಟು ವಂಚನೆಯಲ್ಲ.

ಹೀಗೆ ಆಟ ಮಾಡಿದವನು ನಿರ್ದೋಷಿಯಾದರೂ, ಆಡಿದವನ ಹೊಣೆ ಮುಗಿಯಲಿಲ್ಲ. ಅದೇ ಆಟದಲ್ಲಿ, ವೇಗವನ್ನು ತಗ್ಗಿಸಿಕೊಳ್ಳುವುದು ಮೊದಲಾದ ಬಹಿರಂಗ ಸಹಾಯವನ್ನು ಬೇಡಿ ಪಡೆಯುವ ಏರ್ಪಾಡೂ ಇದೆ. ಅದನ್ನು ಬಳಸಿದವನನ್ನು ಕಂಡು, ತಾನು ಯಾರ ನೆರವೂ ಇಲ್ಲದೆ ಶಿಖರವನ್ನು ಮುಟ್ಟಿದೆನೆಂದು ಒಬ್ಬನು ನಕ್ಕರೆ, ಆ ನಗೆಗೆ ಆಧಾರವೆಲ್ಲಿ? ಅವನನ್ನೂ ಅಂಚಂಚಿನಲ್ಲಿ ಒಂದು ಕೈ ಹಿಡಿದಿತ್ತು. ಒಬ್ಬನು ಕೇಳಿ ಪಡೆದನು, ಇನ್ನೊಬ್ಬನು ಕೇಳದೆ ಪಡೆದನು, ಇಷ್ಟೇ ಭೇದ. ವಿದ್ಯೆ, ಸಂಪತ್ತು, ಮನೆತನಗಳ ವಿಷಯದಲ್ಲಿಯೂ ಈ ಮಾತು ಸಲ್ಲುವುದು. ಬಿದ್ದರೂ ಸಾಯದ ನೆಲದಲ್ಲಿ ಅಭ್ಯಾಸ ಮಾಡಿದವನು, ಮೊದಲ ಹೆಜ್ಜೆಯಲ್ಲೇ ಪಾತಾಳವನ್ನು ಕಂಡವನನ್ನು ಹಳಿಯಬಾರದು. ನೆಗೆದವನ ಶ್ರಮ ಅವನದೇ, ಕುಶಲತೆಯೂ ಅವನದೇ. ಒಂಟಿಯಾಗಿ ನೆಗೆದೆನೆಂಬ ಹೆಮ್ಮೆಗೆ ಮಾತ್ರ ಅವನು ಹಕ್ಕುದಾರನಲ್ಲ.