ದೀರ್ಘಸೂತ್ರತೆಯೂ ಲಕ್ಕಮ್ಮನ ಎಚ್ಚರಿಕೆಯೂ

ಕಾಯಕವನ್ನೇ ಪೂಜೆಯೆಂದು ಬಗೆದ ಶರಣಧರ್ಮದಲ್ಲಿ, ಇಂದು ಮಾಡತಕ್ಕ ಕಾರ್ಯವನ್ನು ನಾಳೆಗೆ ತಳ್ಳುವುದು ಲೋಕವ್ಯವಹಾರದ ಒಂದು ಸಣ್ಣ ಲೋಪವೆನಿಸದೆ, ಪೂಜಾಭಂಗಕ್ಕೆ ಸಮನಾದ ದೋಷವೆನಿಸುತ್ತದೆ. ಸಂಸ್ಕೃತದಲ್ಲಿ ಈ ದೋಷಕ್ಕೆ ದೀರ್ಘಸೂತ್ರತೆಯೆಂದು ಹೆಸರು. ನೂಲು ಉದ್ದವಾಗುತ್ತಲೇ ಹೋಯಿತು, ಬಟ್ಟೆಯಾಗಲಿಲ್ಲವೆಂಬುದು ಆ ಶಬ್ದದಿಂದ ಹೊಳೆಯುವ ಭಾವ. ಮೊಳಕಾಲ್ಮುರಿನ ರೇಷ್ಮೆಯ ಮಗ್ಗಗಳನ್ನು ಬಲ್ಲವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಗವದ್ಗೀತೆಯ 18ನೆಯ ಅಧ್ಯಾಯವು ದೀರ್ಘಸೂತ್ರಿಯನ್ನು ತಾಮಸ ಕರ್ತೃವಿನ ಲಕ್ಷಣಗಳಲ್ಲಿ ಎಣಿಸಿದೆ. ಮಹಾಭಾರತದ ಶಾಂತಿಪರ್ವದಲ್ಲಿ ಬರುವ ಮೂರು ಮೀನುಗಳ ಕಥೆಯಲ್ಲಿ, ಕೆರೆಯ ನೀರು ಇಳಿಯುತ್ತಿರುವುದನ್ನು ಕಂಡೂ ಕದಲದೆ ಬೆಸ್ತರ ಕೈಯಲ್ಲಿ ಸಾಯುವ ಮೀನಿಗೆ ದೀರ್ಘಸೂತ್ರವೆಂದೇ ಹೆಸರು. ಶಾಸ್ತ್ರವೂ ಕಥೆಯೂ ಒಂದಾಗಿ ನಿಂದಿಸಿದ ಮೇಲೆ ಊರ ಕಟ್ಟೆಯ ಮೇಲೆ ಕುಳಿತವರು ಹಿಂದೆ ಬೀಳುವರೆ? ಆದರೆ ನಿಂದೆಯಿಂದ ಎಷ್ಟು ಮಂದಿ ಎದ್ದು ನಿಂತಿದ್ದಾರೆ ಎಂಬುದನ್ನು ಯಾರೂ ಎಣಿಸಿ ನೋಡಿದಂತಿಲ್ಲ.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಕೊಂಡ್ಲಹಳ್ಳಿಯ ಸೀಮೆಯಲ್ಲಿ ಇಂಥ ಒಬ್ಬ ಗೃಹಸ್ಥನನ್ನು ಭಾವಿಸಿಕೊಳ್ಳಬಹುದು. ಅದು ಮಳೆಯನ್ನೇ ನಂಬಿದ ಶೇಂಗಾದ ನಾಡು. ನೆರೆಯ ಚಳ್ಳಕೆರೆಯ ಎಣ್ಣೆ ಗಿರಣಿಗಳು ಹೆಸರಾದದ್ದು ಈ ಬೆಳೆಯಿಂದಲೇ. ಆರಿದ್ರೆಯೋ ಪುನರ್ವಸುವೋ ಒಂದು ಹದ ಮಳೆ ಬಿದ್ದಿತೆಂದರೆ, ನೆಲದ ತೇವ ಆರುವುದರೊಳಗಾಗಿ ಬೀಜ ಮಣ್ಣಿಗೆ ಸೇರಬೇಕು. ಕೆಲವೇ ದಿನಗಳ ಅವಕಾಶ ಅದು. ಹದ ಹೋದರೆ ಮತ್ತೊಂದು ಮಳೆಗೆ ಆಕಾಶದ ಕಡೆ ಮುಖವೆತ್ತಿ ಕುಳಿತಿರಬೇಕು. ಈ ಗೃಹಸ್ಥನು ಇದನ್ನು ಅರಿಯದವನಲ್ಲ. ಅರಿವಿನಲ್ಲಿ ಅವನು ಊರಿಗೆ ಹೇಳಿಕೊಡಬಲ್ಲವನು. ಬೀಜವನ್ನು ಸುಲಿಸಬೇಕೆಂದು ಬೆಳಗ್ಗೆ ಎದ್ದವನು, ಕೂರಿಗೆಯ ತಾಳು ಸಡಿಲವಾಗಿರುವುದನ್ನು ಕಂಡು ಅದನ್ನು ಬಿಗಿಮಾಡಲು ಕೂರುವನು. ಉಳಿ ಸಿಕ್ಕದಿರಲು ಅಟ್ಟ ಹತ್ತುವನು. ಅಟ್ಟದ ಮೇಲೆ ತಂದೆಯ ಕಾಲದ ಲೆಕ್ಕದ ಪುಸ್ತಕ ಕೈಗೆ ಸಿಕ್ಕಿದರೆ ಅದನ್ನು ಓದುತ್ತ ಮಧ್ಯಾಹ್ನವಾಗುವುದು. ಹಸಿವೆಯೂ ಅವನಿಗೆ ತೋರದು. ಸಂಜೆಗೆ ಕೂರಿಗೆಯೂ ಇಲ್ಲ, ಬೀಜವೂ ಇಲ್ಲ. ಬೆಳೆವಿಮೆಯ ಅರ್ಜಿ ಗಡುವು ಮುಗಿದ ಮೇಲೆ ಅಂಗಿಯ ಜೇಬಿನಲ್ಲಿ ಮಡಚಿದಂತೆಯೇ ದೊರೆಯುವುದು. ಹೆಂಡತಿಯ ಬಳೆಗಳು ಅಡವಿಗೆ ಹೋದದ್ದು ಬರಗಾಲದಿಂದಲ್ಲ, ಹೀಗೆ.

ಇದೇ ಮನುಷ್ಯನು ಜಾತ್ರೆಯ ಹಿಂದಿನ ರಾತ್ರಿ ಚಪ್ಪರದ ಕೆಲಸಕ್ಕೆ ನಿಂತರೆ ನಾಲ್ವರ ಕೆಲಸವನ್ನು ಒಬ್ಬನೇ ಮಾಡಿ ಮುಗಿಸುತ್ತಾನೆ. ಜನರು ಅವನನ್ನು ಕ್ಷಮಿಸದಿರುವುದು ಇದಕ್ಕಾಗಿಯೇ. ಶಕ್ತಿಯಿಲ್ಲದವನಾದರೆ ಕನಿಕರ ತೋರಬಹುದು. ಶಕ್ತಿಯಿದ್ದೂ ಮಾಡದವನು ಸೋಮಾರಿಯಲ್ಲದೆ ಮತ್ತೇನು ಎಂಬುದು ಅವರ ತರ್ಕ. ತರ್ಕವು ನೋಡುವುದಕ್ಕೆ ಸರಿಯಾಗಿಯೇ ಇದೆ. ಆದರೆ ಸೋಮಾರಿಯು ಕೆಲಸವನ್ನು ಬಿಟ್ಟು ಸುಖವಾಗಿ ನಿದ್ರಿಸುತ್ತಾನೆ, ಇವನು ನಿದ್ರಿಸುವುದಿಲ್ಲ. ಮಾಡದೆ ಉಳಿದುದನ್ನು ರಾತ್ರಿಯೆಲ್ಲ ನೆನೆದು ನೆನೆದು ಬೇಯುತ್ತಾನೆ.

ಇಂಥವರಲ್ಲಿ ಕೆಲವರ ತೊಂದರೆಗೆ ಇಂದಿನ ವೈದ್ಯಶಾಸ್ತ್ರವು ಎ.ಡಿ.ಎಚ್.ಡಿ. ಎಂಬ ಹೆಸರನ್ನು ಕೊಟ್ಟಿದೆ. ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಯೆಂದು ಇದನ್ನು ತಿಳಿಯಬಹುದು. 1902ರಲ್ಲಿ ಜಾರ್ಜ್ ಸ್ಟಿಲ್ ಎಂಬ ವೈದ್ಯನು ಲಂಡನ್ನಿನಲ್ಲಿ ಮಾಡಿದ ಉಪನ್ಯಾಸಗಳಲ್ಲಿ, ಬುದ್ಧಿಯಲ್ಲಿ ಕೊರತೆಯಿಲ್ಲದೆಯೂ ತಮ್ಮನ್ನು ತಾವು ಹಿಡಿತದಲ್ಲಿಡಲಾರದ ಮಕ್ಕಳನ್ನು ವರ್ಣಿಸಿದನು. ಬಹುಕಾಲ ಇದು ಬಾಲ್ಯದೊಡನೆ ಕಳೆದುಹೋಗುವುದೆಂದೇ ವೈದ್ಯರು ಎಣಿಸಿದ್ದರು. ಹಾಗಲ್ಲವೆಂಬುದು ಈಗ ತಿಳಿದಿದೆ. ಬಾಲ್ಯದಲ್ಲಿಯೇ ತೋರಿ, ಅನೇಕರಲ್ಲಿ ಪ್ರಾಯ ಬಂದ ಮೇಲೆಯೂ ಉಳಿಯುವುದು. ಓಡಾಟ ತಗ್ಗಿ, ಕಾರ್ಯಾರಂಭದ ಅಶಕ್ತಿಯೂ ಮರೆವೂ ಕಾಲದ ಅಂದಾಜು ತಪ್ಪುವುದೂ ನಿಲ್ಲುವುವು. ವಂಶಪರಂಪರೆಯಿಂದ ಬರುವ ಅಂಶ ಇದರಲ್ಲಿ ಹಿರಿದು. ತಂದೆಯನ್ನು ಬೈದ ಮಾತುಗಳಿಂದಲೇ ಊರು ಮಗನನ್ನೂ ಬೈಯುವುದು ಹಲವೆಡೆ ಕಾಣಬರುತ್ತದೆ. ಹಾಗೆಂದು ಕೆಲಸ ತಪ್ಪಿಸಿಕೊಳ್ಳುವವರೆಲ್ಲ ಈ ಹೆಸರನ್ನು ಹೊದ್ದುಕೊಳ್ಳಲಾಗದು. ಯಾರಿಗೆ ಉಂಟು, ಯಾರಿಗೆ ಇಲ್ಲವೆಂಬುದನ್ನು ನಿರ್ಣಯಿಸತಕ್ಕವನು ವೈದ್ಯನೇ ಹೊರತು ಕಟ್ಟೆಯ ಮೇಲಿನವರಲ್ಲ.

ಈ ತೊಂದರೆಯ ಮರ್ಮವೇನೆಂದರೆ, ಅರಿವಿಗೂ ಕ್ರಿಯೆಗೂ ನಡುವಣ ಸೇತುವೆ ಇಲ್ಲಿ ದುರ್ಬಲವಾಗಿರುತ್ತದೆ. ಅರಿವಿಗೆ ಕೊರತೆಯಿಲ್ಲ. ಆದುದರಿಂದ ಇಂಥವನಿಗೆ ಮೇಲಿಂದ ಮೇಲೆ ಅರಿವನ್ನೇ ಬಡಿಸುವುದು, ಉಂಡವನ ಎಲೆಗೆ ಮತ್ತೆ ಅನ್ನವನ್ನು ಸುರಿದಂತೆ. ಅರಿವು ಕ್ರಿಯೆಗಳು ಕೂಡದೆ ಹೋದರೆ ಎರಡೂ ವ್ಯರ್ಥವೆಂಬುದನ್ನು ಶರಣರಷ್ಟು ಆಳವಾಗಿ ಚಿಂತಿಸಿದವರು ವಿರಳ. ಮನಸ್ಸಿನ ಚಾಂಚಲ್ಯವನ್ನು ಅವರು ಪರರ ದೋಷವೆಂದು ತೋರಿಸಿ ಹಳಿಯಲಿಲ್ಲ. ಕೊಂಬೆಯಿಂದ ಕೊಂಬೆಗೆ ನೆಗೆಯುವ ಕೋತಿಗೆ ಬಸವಣ್ಣನವರು ಹೋಲಿಸಿದ್ದು ತಮ್ಮದೇ ಮನಸ್ಸನ್ನು. ಅತ್ತಿತ್ತ ಹೋಗದಂತೆ, ಸುತ್ತ ನೋಡದಂತೆ, ಬೇರೊಂದನ್ನು ಕೇಳದಂತೆ ಕಾಲು ಕಣ್ಣು ಕಿವಿಗಳನ್ನೇ ಕಟ್ಟಿಹಾಕೆಂದು ಕೂಡಲಸಂಗಮದೇವನನ್ನು ಬೇಡಿದವರೂ ಅವರೇ. ಸಂಕಲ್ಪಬಲವೊಂದರಿಂದಲೇ ಮನಸ್ಸು ನಿಲ್ಲುವಂತಿದ್ದರೆ ಈ ಬೇಡಿಕೆ ಏತಕ್ಕೆ?

ಇಷ್ಟಲಿಂಗದ ವಿಧಾನವನ್ನೂ ಈ ದೃಷ್ಟಿಯಿಂದ ಕಾಣಬಹುದು. ನಿರಾಕಾರವನ್ನು ಮನಸ್ಸಿನಲ್ಲಿಯೇ ನಿಲ್ಲಿಸಿಕೊಳ್ಳಿರೆಂದು ಹೇಳಿ ಗುರುವು ಕೈತೊಳೆದುಕೊಳ್ಳಲಿಲ್ಲ. ಅದನ್ನು ಕರಸ್ಥಲಕ್ಕೆ ತಂದುಕೊಟ್ಟನು. ಕಣ್ಣಿಗೆ ಗುರಿಯನ್ನು, ಕೈಗೆ ಭಾರವನ್ನು, ದಿನಕ್ಕೆ ಹೊತ್ತನ್ನು ನಿಯಮಿಸಿದನು. ಒಳಗೆ ನಿಲ್ಲದುದಕ್ಕೆ ಹೊರಗೆ ಒಂದು ಆಧಾರ. ಲಿಂಗಪೂಜೆಯಿಂದ ಈ ತೊಂದರೆ ಗುಣವಾಗುವುದೆಂದು ಹೇಳುವುದು ಪೂಜೆಗೂ ವೈದ್ಯಕ್ಕೂ ಅಪಚಾರವಾದೀತು. ಆದರೆ ಒಳಗಿನ ದೌರ್ಬಲ್ಯಕ್ಕೆ ಹೊರಗಿನ ಆಧಾರವನ್ನು ಹಿಡಿಯುವುದು ನಾಚಿಕೆಗೇಡೆಂದು ಲಿಂಗಧಾರಿಯಾದವನು ಹೇಳಬಾರದು.

ಹಿರಿಯರು ಎಡವುವುದು ಇಲ್ಲಿಯೇ. ಗೃಹಸ್ಥನನ್ನು ಮಠಕ್ಕೆ ಕರೆತಂದು, ನಾಳೆಯಿಂದ ಯಾವ ಕೆಲಸವನ್ನೂ ತಡಮಾಡುವುದಿಲ್ಲವೆಂದು ಲಿಂಗ ಮುಟ್ಟಿಸಿ ಆಣೆ ಮಾಡಿಸುತ್ತಾರೆ. ಅವನು ಕಣ್ಣೀರಿನಿಂದಲೇ ಆಣೆ ಮಾಡುತ್ತಾನೆ. ಆ ಗಳಿಗೆಯಲ್ಲಿ ಅದು ಸುಳ್ಳೂ ಅಲ್ಲ. ನಾಲ್ಕನೆಯ ದಿನ ಆಣೆ ಮುರಿಯುತ್ತದೆ. ಐದನೆಯ ದಿನ ಕೆಲಸದ ಜೊತೆಗೆ ಪೂಜೆಯೂ ನಿಲ್ಲುತ್ತದೆ, ಮುರಿದ ಆಣೆಯ ಲಿಂಗವನ್ನು ಯಾವ ಮುಖದಿಂದ ನೋಡುವುದೆಂದು. ಆಮೇಲೆ ಅವನು ಮಠದ ಬೀದಿಯಲ್ಲಿ ಬರುವುದನ್ನೇ ಬಿಡುತ್ತಾನೆ. ಬೆಳೆ ಹೋದರೆ ಮುಂದಿನ ಮುಂಗಾರಿಗೆ ಬಂದೀತು. ಒಬ್ಬ ಭಕ್ತನು ತನ್ನ ಲಿಂಗಕ್ಕೆ ಹೆದರಿಕೊಂಡನೆಂದರೆ ಆ ನಷ್ಟವನ್ನು ಯಾರು ತುಂಬಿಕೊಡುವರು?

ಆಯ್ದಕ್ಕಿ ಲಕ್ಕಮ್ಮನ ಮಾರ್ಗ ಬೇರೆ. ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುತ್ತಿದ್ದವನು. ಶೂನ್ಯಸಂಪಾದನೆಯಲ್ಲಿ ಬರುವಂತೆ, ಒಂದು ದಿನ ಅವನು ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತುಬಿಟ್ಟನು. ಅಕ್ಕಿ ಆಯುವ ಹೊತ್ತು ಮೀರಿತು. ಮಾರಯ್ಯನಿಗೆ ಇಂದಿನ ವೈದ್ಯರ ಹೆಸರನ್ನು ಅಂಟಿಸುವುದು ಉದ್ಧಟತನ. ಅಂಥ ಗೋಷ್ಠಿಯಲ್ಲಿ ಯಾರಾದರೂ ಮೈಮರೆಯಬಹುದು. ಲಕ್ಕಮ್ಮ ಮಾಡಿದುದನ್ನು ಮಾತ್ರ ನೋಡಬೇಕು. ಅವಳು ಆಣೆಯಿಡಿಸಲಿಲ್ಲ, ಹಿಂದಿನ ತಪ್ಪುಗಳ ಪಟ್ಟಿಯನ್ನು ಬಿಚ್ಚಲಿಲ್ಲ. ಕಾಯಕವು ನಿಂತಿದೆ, ಹೋಗೆಂದು ಗೌರವದಿಂದಲೇ ಎಚ್ಚರಿಸಿದಳು. ಒಂದೇ ಕೆಲಸ, ಒಂದೇ ಮಾತು, ತಕ್ಕ ಹೊತ್ತಿಗೆ. ಮಾರಯ್ಯನೂ ಅದನ್ನು ಅವಮಾನವೆಂದು ಬಗೆಯದೆ ಎದ್ದನು.

ಇಂದಿನ ವೈದ್ಯರು ಹೇಳುವ ಉಪಾಯಗಳು ಇದಕ್ಕೆ ದೂರವಲ್ಲ. ಬಿತ್ತನೆಯೆಂಬುದು ಒಂದು ಕೆಲಸವಲ್ಲ, ಇಪ್ಪತ್ತು ಕೆಲಸಗಳ ಮೂಟೆ. ಮೂಟೆಯನ್ನು ಬಿಚ್ಚಿ ಮೊದಲನೆಯದನ್ನು ಮಾತ್ರ ಕಣ್ಣ ಮುಂದೆ ಇಡಬೇಕು. ಇಂದು ಒಂದು ಚೀಲದ ಬೀಜ ಸುಲಿಸುವುದು, ಅಷ್ಟೆ. ಅದನ್ನು ನೆನಪಿಗೆ ಒಪ್ಪಿಸದೆ ಬಾಗಿಲ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಯಬೇಕು, ಕೈಫೋನಿನ ಗಂಟೆಗೆ ಒಪ್ಪಿಸಬೇಕು. ಅದೇ ಕೈಫೋನನ್ನು ಕೆಲಸ ಮುಗಿಯುವವರೆಗೆ ಬೇರೊಬ್ಬರ ಕೈಯಲ್ಲಿಡುವುದೂ ಲೇಸು. ಸುಲಿಯುವಾಗ ಇನ್ನೊಬ್ಬರು ಹತ್ತಿರ ಕುಳಿತಿರಬೇಕು. ಅವರು ಸುಲಿಯಬೇಕೆಂದಿಲ್ಲ, ಬೈಯಬಾರದಷ್ಟೆ. ಫಲವೂ ಹತ್ತಿರವಿರಬೇಕು. ಕಾರ್ತಿಕದಲ್ಲಿ ಕೈಸೇರುವ ಹಣವು ಆಷಾಢದಲ್ಲಿ ಇಂಥ ಮನಸ್ಸನ್ನು ಎಬ್ಬಿಸಲಾರದು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯು ಕೆರೆಗಳನ್ನು ಕಟ್ಟಿಸುವಾಗ, ದುಡಿದವರು ತಮ್ಮ ತಮ್ಮ ಮಣ್ಣಿನ ಗುಡ್ಡೆಯಲ್ಲಿ ಅಂದಂದಿನ ದುಡಿಮೆಗೆ ತಕ್ಕ ಕೂಲಿಯನ್ನು ಕಾಣುತ್ತಿದ್ದರೆಂಬ ಪ್ರತೀತಿ ಆ ಸೀಮೆಯಲ್ಲಿ ಪ್ರಸಿದ್ಧವಾಗಿದೆ. ಅಂದಿನ ದುಡಿಮೆ, ಅಂದೇ ಕೂಲಿ.

ಇಷ್ಟಾದರೂ ಸಾಲದವರಿಗೆ ಔಷಧವುಂಟು. ಮೀಥೈಲ್‌ಫೆನಿಡೇಟ್, ಅಟಾಮಾಕ್ಸೆಟಿನ್ ಮೊದಲಾದವನ್ನು ಮನೋವೈದ್ಯರು ಪರೀಕ್ಷಿಸಿ ಕೊಡುತ್ತಾರೆ. ತಾವಾಗಿ ಕೊಂಡು ನುಂಗತಕ್ಕ ವಸ್ತುಗಳಲ್ಲ. ಮನಸ್ಸಿಗೆ ಮದ್ದು ತಿನ್ನುವುದು ಗುರುವಿನಲ್ಲಿ ನಂಬಿಕೆಯಿಲ್ಲದ ಕುರುಹೆಂದು ಕೆಲವರು ಹೇಳುವುದುಂಟು. ಕನ್ನಡಕ ಧರಿಸಿ ವಚನ ಓದುವವರೇ ಈ ಮಾತನ್ನು ಹೇಳುತ್ತಾರೆಂಬುದು ಸೋಜಿಗ. ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಹಳ್ಳಿಗಳ ಆರೋಗ್ಯಕೇಂದ್ರಗಳ ಮೂಲಕ ಮನೋವೈದ್ಯವನ್ನು ಜನರ ಬಳಿಗೆ ಒಯ್ದು ತೋರಿಸಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಮನೆಯಿಂದಲೇ, ಕನ್ನಡದಲ್ಲಿಯೇ ಮಾತನಾಡಬಹುದು.

ಲಕ್ಕಮ್ಮನ ಕಥೆಯ ಉತ್ತರಾರ್ಧವನ್ನು ಜನರು ನಿರ್ಲೋಭಕ್ಕೆ ದೃಷ್ಟಾಂತವಾಗಿ ಹೇಳುತ್ತಾರೆ, ಅದು ಸರಿಯೆ. ಎಚ್ಚರಗೊಂಡು ಓಡಿದ ಮಾರಯ್ಯನು ಆ ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಲು ಹಿಂದಕ್ಕೆ ಕಳುಹಿದಳು. ತಡಮಾಡಿದವನಿಗೆ ಇದರಲ್ಲಿ ಬೇರೊಂದು ಅರ್ಥವೂ ದೊರೆಯುತ್ತದೆ. ಹತ್ತು ದಿನ ಬಿಟ್ಟುದನ್ನು ಒಂದೇ ದಿನದಲ್ಲಿ ತೀರಿಸಹೊರಡುವ ಆವೇಶವು ದೀರ್ಘಸೂತ್ರತೆಯ ಒಡಹುಟ್ಟು. ಹನ್ನೊಂದನೆಯ ದಿನ ಅವನು ಬಳಲಿ ಬೀಳುತ್ತಾನೆ. ಲಕ್ಕಮ್ಮ ಕೇಳಿದ್ದು ಹಿಂದಿನ ಬಾಕಿಯನ್ನಲ್ಲ, ಆ ದಿನದ ಅಳತೆಯನ್ನು.

ಕೊಂಡ್ಲಹಳ್ಳಿಯ ಸೀಮೆಯ ಆ ಗೃಹಸ್ಥನ ಮನೆಯಲ್ಲಿ ಬರುವ ಮುಂಗಾರಿಗೆ ಹೀಗಾಗಬಹುದು. ಪುನರ್ವಸು ಮಳೆ ರಾತ್ರಿ ಬಿದ್ದು ನಿಂತಿರುತ್ತದೆ. ಹೆಂಡತಿಯು ಮೊರವನ್ನು ಪಡಸಾಲೆಗೆ ತಂದಿಟ್ಟು, ಒಂದು ಚೀಲದ ಬಾಯಿ ಬಿಚ್ಚಿ, ತಾನೂ ಎದುರಿಗೆ ಕುಳಿತುಕೊಳ್ಳುವಳು. ಅಟ್ಟದ ಏಣಿಯನ್ನು ಹಿಂದಿನ ದಿನವೇ ತೆಗೆದಿಟ್ಟಿರುತ್ತಾಳೆ. ಕಳೆದ ವರ್ಷದ ಮಾತನ್ನು ಅವಳೂ ಎತ್ತುವುದಿಲ್ಲ, ಅವನೂ ಎತ್ತುವುದಿಲ್ಲ. ಸ್ನಾನವಾಗಿ, ಬಹುದಿನದ ಮೇಲೆ ಲಿಂಗವನ್ನು ಕರಸ್ಥಲದಲ್ಲಿ ನೋಡಿ ಬಂದವನು ಮೊದಲನೆಯ ಕಾಯನ್ನು ಕೈಗೆತ್ತಿಕೊಳ್ಳುತ್ತಾನೆ.