ನೆಲ ನೋಡಿ ಡೇರೆ

ದೀಪಾವಳಿ ಕಳೆದು ಮಳೆ ಪೂರ್ತಿ ಬಿಟ್ಟಿತೆಂದರೆ ಶನಿವಾರದ ನಸುಕಿನಲ್ಲಿ ಮಂಗಳೂರಿನ ಕಂಕನಾಡಿ, ಪಂಪ್‌ವೆಲ್‌ಗಳಲ್ಲಿ ಬಸ್ಸಿಗೆ ಕಾಯುವವರ ಗುಂಪೇ ಬೇರೆ. ತಲೆಯಿಂದ ಒಂದು ಗೇಣು ಮೇಲಕ್ಕೆ ಏರಿದ ಬೆನ್ನುಚೀಲ, ಅದರಡಿಗೆ ಸುರುಳಿ ಸುತ್ತಿದ ಮ್ಯಾಟು, ಪಕ್ಕದಲ್ಲಿ ಕೊಕ್ಕೆಗೆ ಸಿಕ್ಕಿಸಿದ ಸ್ಟೀಲ್ ಲೋಟ. ಬೆಳ್ತಂಗಡಿ, ಧರ್ಮಸ್ಥಳ, ಸುಬ್ರಹ್ಮಣ್ಯದ ಕಡೆ ಹೊರಟ ಕಾಲೇಜು ಹುಡುಗ ಹುಡುಗಿಯರು, ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಹಾಗೇ ಬಂದ ನರ್ಸುಗಳು, ಒಮ್ಮೊಮ್ಮೆ ಮಕ್ಕಳೊಂದಿಗೆ ಹೊರಟ ಅಪ್ಪ ಅಮ್ಮ. ರೈಲಿನಲ್ಲಿ ಹೋಗುವವರು ಮಂಗಳೂರು ಜಂಕ್ಷನ್ನಿಗೆ ರಿಕ್ಷಾ ಹಿಡಿಯುತ್ತಾರೆ. ಹಳಬರಿಗೆ ಅದು ಈಗಲೂ ಕಂಕನಾಡಿ ಸ್ಟೇಷನ್ನೇ.

ಇವರನ್ನು ಕಂಡರೆ ನನಗೆ ತುಂಬ ಖುಷಿ. ಗೋಡೆಗಳಿಲ್ಲದ ಜಾಗದಲ್ಲಿ ಒಂದು ರಾತ್ರಿ ಕಳೆಯುವುದು ಮನುಷ್ಯನಿಗೆ, ಅದರಲ್ಲೂ ಮಕ್ಕಳಿಗೆ, ಸಿಗಲೇಬೇಕಾದ ಅನುಭವ. ಕತ್ತಲೆಗೆ ಎಷ್ಟು ಬಗೆಯಿದೆ, ಬೆಳಗಾಗುವುದು ಎಷ್ಟು ನಿಧಾನ ಎಂಬುದು ನಗರದ ಕೋಣೆಯಲ್ಲಿ ಮಲಗಿದವರಿಗೆ ತಿಳಿಯುವುದಿಲ್ಲ. ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಇಪ್ಪತ್ತರಷ್ಟು ಹುಡುಗರನ್ನು ಕರೆದೊಯ್ದು ಡೇರೆಗಳಲ್ಲಿ ಇರಿಸಿಕೊಂಡ. ಜಗತ್ತಿನ ಸ್ಕೌಟ್ ಚಳವಳಿ ಬೆಳೆದದ್ದು ಆ ಒಂದು ಶಿಬಿರದಿಂದ. ಅದೇ ಚಳವಳಿಯ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ 2022ರ ಡಿಸೆಂಬರಿನಲ್ಲಿ ನಮ್ಮ ಮೂಡುಬಿದಿರೆಯಲ್ಲೇ ನಡೆಯಿತು.

ಆದರೆ ಆ ಬೆನ್ನುಚೀಲಗಳ ಒಳಗಿರುವುದನ್ನು ನೋಡಿದರೆ ಹೇಳಬೇಕಾದ ಮಾತು ಒಂದಿದೆ. ನಾವು ಸಾಮಾನು ಕೊಳ್ಳುವುದು ಅಂಗಡಿಯ ಚಿತ್ರ ನೋಡಿ. ಆ ಚಿತ್ರಗಳಲ್ಲಿ ಇರುವುದು ಹಿಮಾಲಯದ ಇಳಿಜಾರು, ಯುರೋಪಿನ ಒಣ ಹುಲ್ಲುಗಾವಲು. ನಾವು ಮಲಗುವುದು ತುಳುನಾಡಿನ ನೆಲದ ಮೇಲೆ. ಈ ನೆಲಕ್ಕೆ ಬೇಕಾದದ್ದೇ ಬೇರೆ.

ಮೊದಲು ಗಾಳಿಯ ತೇವ. ನಮ್ಮ ಕರಾವಳಿಯಲ್ಲಿ ಡಿಸೆಂಬರ್ ರಾತ್ರಿಯಲ್ಲೂ ಬೆವರು ಆರುವುದಿಲ್ಲ. ಕಡಿಮೆ ಬೆಲೆಗೆ ಸಿಗುವ ಒಂದೇ ಪದರದ ಡೇರೆಯೊಳಗೆ ಇಬ್ಬರು ಮಲಗಿದರೆ ಅವರ ಉಸಿರಿನ ಆವಿಯೇ ಬಟ್ಟೆಗೆ ತಾಗಿ ನೀರಾಗಿ ನಿಲ್ಲುತ್ತದೆ. ಬೆಳಗಿನ ಜಾವ ಗೋಡೆ ಮುಟ್ಟಿ ನೋಡಿ, ಅಂಗೈ ಒದ್ದೆಯಾಗುತ್ತದೆ. ಮಳೆ ಬಂದಿಲ್ಲ, ಡೇರೆ ಸೋರಿಯೂ ಇಲ್ಲ, ಆದರೂ ಹೊದಿಕೆ ಹಸಿ. ಇದಕ್ಕೆ ಎರಡು ಪದರದ ಡೇರೆಯೇ ಬೇಕು: ಒಳಗಡೆ ಸೊಳ್ಳೆಪರದೆಯಂಥ ಬಲೆ, ಹೊರಗಡೆ ಅದಕ್ಕೆ ತಾಗದಂತೆ ಎಳೆದು ಕಟ್ಟುವ ಮಳೆಹೊದಿಕೆ, ನಡುವೆ ಗಾಳಿ ಆಡಲು ಜಾಗ. ಮಲೇರಿಯಾದ ಹೆಸರು ಕೇಳುತ್ತಲೇ ಬೆಳೆದ ಮಂಗಳೂರಿನವರಿಗೆ ಆ ಬಲೆಯ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಡೇರೆಯ ಚೀಟಿಯಲ್ಲಿ 1500, 2000, 3000 ಮಿ.ಮೀ. ಎಂಬ ಅಂಕಿಗಳಿರುತ್ತವೆ. ಅಷ್ಟು ಎತ್ತರಕ್ಕೆ ನಿಂತ ನೀರಿನ ಒತ್ತಡವನ್ನು ಆ ಬಟ್ಟೆ ತಡೆಯುತ್ತದೆ ಎಂಬ ಲೆಕ್ಕ ಅದು. ಮೇಲಿನ ಹೊದಿಕೆಗೆ 2000 ಇದ್ದರೆ ನಮ್ಮ ಅಕಾಲದ ಮಳೆಗೆ ಸಾಕು. ನೆಲದ ಬಟ್ಟೆಗೆ ಇನ್ನೂ ಹೆಚ್ಚಿರಬೇಕು, ಏಕೆಂದರೆ ಮೊಣಕಾಲೂರಿ ಕೂತಾಗ ನಮ್ಮ ಭಾರವೇ ಕೆಳಗಿನ ನೀರನ್ನು ಒಳಕ್ಕೆ ಒತ್ತುತ್ತದೆ. 'ಇಬ್ಬರಿಗೆ' ಎಂದು ಬರೆದಿದ್ದರೆ ಇಬ್ಬರು ಮೈಗೆ ಮೈ ತಾಗಿಸಿ ಮಲಗುವಷ್ಟೇ ಜಾಗ. ಚೀಲವೂ ಒಳಗಿರಬೇಕಾದರೆ ಮೂವರದ್ದನ್ನು ಕೊಳ್ಳಿ.

ಇನ್ನು ಸ್ಲೀಪಿಂಗ್ ಬ್ಯಾಗ್. ತಣ್ಣೀರುಬಾವಿಯ ಹತ್ತಿರವೋ ಸಸಿಹಿತ್ಲಿನಲ್ಲೋ ಕಡಲತೀರದಲ್ಲಿ ಮಲಗುವವರಿಗೆ ಅದು ಬೇಡವೇ ಬೇಡ. ಚಾಪೆ, ಹತ್ತಿಯ ಹೊದಿಕೆ, ತಲೆಗೆ ಒಂದು ಪಂಚೆ ಸಾಕು. ಘಟ್ಟದ ಮೇಲೆ ಹೋಗುವವರಿಗೆ ಬೇಕು, ಆದರೆ ಸೊನ್ನೆಯಿಂದ ಕೆಳಗಿನ ಚಳಿಗೆಂದು ಮಾಡಿದ್ದಲ್ಲ. ಹತ್ತು ಡಿಗ್ರಿಯವರೆಗೆ ಸುಖವಾಗಿ ನಿದ್ದೆ ಬರುವಂಥದ್ದು ಸಾಕು. ಹಕ್ಕಿಯ ಪುಕ್ಕ ತುಂಬಿದ್ದು ಹಗುರ, ಬೆಚ್ಚಗೆ, ದುಬಾರಿ. ಒಮ್ಮೆ ಒದ್ದೆಯಾದರೆ ಮಾತ್ರ ಮುದ್ದೆಯಾಗಿ ಬಿಸಿ ಹಿಡಿಯುವುದೇ ಇಲ್ಲ. ನಮ್ಮ ತೇವಕ್ಕೆ ಕೃತಕ ನೂಲು ತುಂಬಿದ್ದೇ ಸರಿ. ಅದರ ಅಡಿಗೆ ಹಾಸುವ ಫೋಮ್ ಮ್ಯಾಟನ್ನು ಭಾರವೆಂದು ಬಿಟ್ಟು ಹೋಗುವವರಿದ್ದಾರೆ. ಮೈಯ ಬಿಸಿಯನ್ನು ಗಾಳಿಗಿಂತ ಬೇಗ ಎಳೆದುಕೊಳ್ಳುವುದು ನೆಲ. ಮೇಲೆ ಎಷ್ಟು ಹೊದ್ದರೂ ಕೆಳಗಿನಿಂದ ಚಳಿ ಹತ್ತುತ್ತದೆ.

ಡೇರೆಯ ಜೊತೆ ಬರುವ ಬೆರಳು ಗಾತ್ರದ ಗೂಟಗಳನ್ನು ನಂಬಿ ಹೋಗಬೇಡಿ. ಪದವಿನ ಮುರಕಲ್ಲಿಗೆ ಅದನ್ನು ಹೊಡೆದವರಿಗೆ ಗೊತ್ತು: ಮೊದಲ ಪೆಟ್ಟಿಗೆ ಒಂದು ಅಂಗುಲ ಇಳಿಯುತ್ತದೆ, ಎರಡನೆಯದಕ್ಕೆ ಕಿಡಿ ಹಾರುತ್ತದೆ, ಮೂರನೆಯದಕ್ಕೆ ಗೂಟವೇ ಕೊಕ್ಕೆಯಾಗುತ್ತದೆ. ಅಲ್ಲಿ ಹಗ್ಗವನ್ನು ದಪ್ಪ ಕಲ್ಲಿಗೆ ಸುತ್ತಿ ಕಟ್ಟಬೇಕು. ಮರಳಿನಲ್ಲಿ ಇದಕ್ಕೆ ವಿರುದ್ಧ. ಗೂಟ ಸಲೀಸಾಗಿ ಇಳಿಯುತ್ತದೆ, ಸಮುದ್ರದ ಗಾಳಿ ಎದ್ದ ಕೂಡಲೇ ಅಷ್ಟೇ ಸಲೀಸಾಗಿ ಎದ್ದು ಬರುತ್ತದೆ. ಗಟ್ಟಿ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಣಕೈಯಷ್ಟು ಆಳದಲ್ಲಿ ಹೂತರೆ ಅಲುಗುವುದಿಲ್ಲ. ಆ ಹಗ್ಗಕ್ಕೆ ದೂರದ ಪೇಟೆಗೆ ಹೋಗಬೇಕಾಗಿಲ್ಲ. ಬಂದರಿನಲ್ಲಿ ಮೀನುಗಾರರಿಗೆಂದೇ ಮಾರುವ ನೈಲಾನ್ ಹಗ್ಗ, ಟರ್ಪಾಲು ತೂಕಕ್ಕೂ ಅಳತೆಗೂ ಸಿಗುತ್ತದೆ. ಅಲ್ಲಿನ ಹಿರಿಯ ವ್ಯಾಪಾರಿಯೊಬ್ಬರು ಹಗ್ಗ ಕತ್ತರಿಸುತ್ತಾ ಹೇಳಿದ್ದರು: "ಹಗ್ಗ ಗಟ್ಟಿ ಉಂಟು ಮಾರಾಯ್ರೆ, ಗಂಟು ಹಾಕ್ಲಿಕ್ಕೆ ಕಲೀರಿ." ಅಂಗಡಿಯಲ್ಲಿ ಸಿಕ್ಕಿದ ಸಲಹೆಗಳಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ಕೇಳಿಲ್ಲ.

ಜಾಗ ಆರಿಸುವುದಂತೂ ಸಾಮಾನಿಗಿಂತ ದೊಡ್ಡದು. ತೆಂಗಿನ ಮರದ ಅಡಿಗೆ ಡೇರೆ ಬೇಡ; ಕಾಯಿಗೆ ಹಗಲು ರಾತ್ರಿ ಇಲ್ಲ. ಕಡಲತೀರದಲ್ಲಿ ಒಣಗಿದ ಪಾಚಿ, ಚಿಪ್ಪು ಸಾಲಾಗಿ ಬಿದ್ದ ಗೆರೆಗಿಂತ ಸಾಕಷ್ಟು ಮೇಲೆ ಹೋಗಿ. ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರ ಅದನ್ನೂ ದಾಟಬಹುದು. ಹೊಳೆಯ ಪಾತ್ರದಲ್ಲಿ ಎಷ್ಟೇ ಚಂದದ ಮರಳ ದಿಬ್ಬ ಇದ್ದರೂ ಮಲಗಬೇಡಿ. ಮೇಲೆ ಘಟ್ಟದಲ್ಲಿ ಬಿದ್ದ ಮಳೆ ಕೆಳಗೆ ಮಲಗಿದವರಿಗೆ ಹೇಳಿ ಬರುವುದಿಲ್ಲ.

ಕಾಲದ ವಿಷಯದಲ್ಲಿ ನಮ್ಮ ಹಿರಿಯರ ಲೆಕ್ಕ ಪಕ್ಕಾ. ಈ ಜಿಲ್ಲೆಯಲ್ಲಿ ಡೇರೆಯ ಬದುಕನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಯಕ್ಷಗಾನದ ಟೆಂಟು ಮೇಳದವರು. ಊರಿಂದೂರಿಗೆ ಡೇರೆ ಹೊತ್ತು, ಸಂಜೆಯೊಳಗೆ ಹಾಕಿ, ಆಟ ಮುಗಿದ ಮೇಲೆ ಬಿಚ್ಚಿ ತಿಂಗಳುಗಟ್ಟಲೆ ತಿರುಗಿದ ಮೇಳಗಳು ಅವು. ಆದರೆ ಪತ್ತನಾಜೆ ಬಂತೋ, ಗೆಜ್ಜೆ ಬಿಚ್ಚಿಯೇ ಬಿಚ್ಚುತ್ತಾರೆ. ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಆಸುಪಾಸು. ಅಲ್ಲಿಂದ ದೀಪಾವಳಿವರೆಗೆ ಆಟವಿಲ್ಲ, ಕೋಲವಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಸುಮಾರಿಗೆ ಮಳೆ ಸುರಿಯುವ ನಾಡಿನಲ್ಲಿ ಯಾವ ಕಂಪನಿಯ ಡೇರೆ ಕೊಂಡರೂ ಈ ಗಡುವನ್ನು ಮೀರುವುದು ಬುದ್ಧಿವಂತಿಕೆಯಲ್ಲ.

ಘಟ್ಟಕ್ಕೆ ಹೋಗುವವರಿಗೆ ಇನ್ನೊಂದು ಮಾತು. ಕುದುರೆಮುಖ ರಾಷ್ಟ್ರೀಯ ಉದ್ಯಾನವಾಗಲಿ, ಕುಮಾರಪರ್ವತವಿರುವ ಪುಷ್ಪಗಿರಿ ವನ್ಯಧಾಮವಾಗಲಿ, ಇಷ್ಟ ಬಂದಲ್ಲಿ ಡೇರೆ ಹಾಕುವ ಜಾಗಗಳಲ್ಲ. 2024ರ ಜನವರಿ ಕೊನೆಯ ರಜೆಗಳಲ್ಲಿ 1712 ಮೀಟರ್ ಎತ್ತರದ ಕುಮಾರಪರ್ವತದ ಹಾದಿಗೆ ಜಾತ್ರೆಯಂತೆ ಜನ ನುಗ್ಗಿದ್ದನ್ನು ನಾವೆಲ್ಲ ಕಂಡೆವು. ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಟಿಕೆಟ್ ಇಲ್ಲದ ಚಾರಣಗಳನ್ನು ತಡೆಹಿಡಿದು, ಅದೇ ವರ್ಷ 'ಅರಣ್ಯ ವಿಹಾರ' ಜಾಲತಾಣ ತೆರೆದು, ಒಂದು ಹಾದಿಗೆ ದಿನಕ್ಕೆ 300 ಜನರ ಮಿತಿ ಹಾಕಿತು. ಈ ನಿರ್ಬಂಧಕ್ಕೆ ಗೊಣಗುವವರ ಜೊತೆ ನಾನಿಲ್ಲ. ಶೋಲೆ ಕಾಡುಗಳ ಸುತ್ತಲಿನ ಒಣ ಹುಲ್ಲಿಗೆ ಒಂದು ಬೆಂಕಿಕಡ್ಡಿ ತಾಗಿದರೆ ಬೆಟ್ಟಕ್ಕೆ ಬೆಟ್ಟವೇ ಉರಿಯುತ್ತದೆ. ಅಲ್ಲಿಗೆ ಹೋಗುವವರು ಡೇರೆಯ ದುಡ್ಡನ್ನು ಒಳ್ಳೆಯ ಹಿಡಿತದ ಬೂಟಿಗೂ ತಲೆಗೆ ಕಟ್ಟುವ ಟಾರ್ಚಿಗೂ ಹಾಕಲಿ. ರಾತ್ರಿಗೆ ತಪ್ಪಲಿನ ಮನೆಗಳಿವೆ, ತೋಟಗಳಿವೆ. ಡೇರೆಯಲ್ಲೇ ಕಾಡಿನ ರಾತ್ರಿ ಬೇಕೆಂದರೆ ಹೆಬ್ರಿ ಬಳಿ ಸೀತಾನದಿಯಲ್ಲಿ, ಕುದುರೆಮುಖದ ಭಗವತಿಯಲ್ಲಿ ಸರ್ಕಾರದ ಪ್ರಕೃತಿ ಶಿಬಿರಗಳಿವೆ.

ಜಿಗಣೆ ಕಚ್ಚಿದರೆ ರಕ್ತ ಹೋಗುತ್ತದೆ, ತುರಿಸುತ್ತದೆ, ಅಷ್ಟೇ. ಹೆದರಬೇಕಾದದ್ದು ಒಣಗಾಲದ ಉಣ್ಣಿಗೆ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಅದರಿಂದ, ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ. ಅಂದರೆ ನಾವು ಕಾಡಿಗೆ ಹೋಗುವ ಕಾಲದಲ್ಲೇ. ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ತೂರಿಸಿ, ತರಗೆಲೆಯ ಮೇಲೆ ಕೂರಬೇಡಿ. ಆರೋಗ್ಯ ಇಲಾಖೆ ಮಲೆನಾಡಿನಲ್ಲಿ ಹಂಚುವ ಡೀಪಾ ತೈಲದ ಬಗ್ಗೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಮರಳಿದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆಗೂ ಬಿಸಿನೀರು. ಆಮೇಲಿನ ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ.

ಊಟಕ್ಕೆ ಕುಚ್ಚಲಕ್ಕಿ ಗಂಜಿಯ ಆಸೆ ನನಗೂ ಇದೆ, ಆದರೆ ಅದು ಬೇಯುವಷ್ಟರಲ್ಲಿ ಅಂಗೈಯಗಲದ ಗ್ಯಾಸ್ ಡಬ್ಬಿ ಖಾಲಿ. ಅವಲಕ್ಕಿ, ಬೆಲ್ಲ, ತೆಂಗಿನತುರಿ, ಉಪ್ಪಿನಕಾಯಿ ಒಯ್ಯಿರಿ. ಮಳೆಯಿರಲಿ ಚಳಿಯಿರಲಿ, ಡೇರೆಯೊಳಗೆ ಒಲೆಯನ್ನಾಗಲಿ ಕೆಂಡವನ್ನಾಗಲಿ ಇಡಬೇಡಿ. ಮುಚ್ಚಿದ ಜಾಗದಲ್ಲಿ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದೇ ಇಲ್ಲ.

ಮೊದಲ ಸಲ ಹೊರಡುವವರು ಒಂದೇ ದಿನ ಎಲ್ಲ ಕೊಳ್ಳಬೇಡಿ. ಗೆಳೆಯರಿಂದ ಡೇರೆ ಕೇಳಿ ತನ್ನಿ, ಮನೆಯ ತಾರಸಿಯಲ್ಲೋ ಅಂಗಳದಲ್ಲೋ ಮಕ್ಕಳ ಕೈಯಲ್ಲೇ ಹಾಕಿಸಿ, ಒಂದು ರಾತ್ರಿ ಮಲಗಿ ನೋಡಿ. ಏನು ಬೇಕು, ಏನು ಬೇಡ ಎಂಬ ಪಟ್ಟಿ ಬೆಳಗ್ಗೆ ತಾನಾಗಿ ಸಿದ್ಧವಾಗಿರುತ್ತದೆ. ಆ ಪಟ್ಟಿಗೆ ಒಂದು ಖಾಲಿ ಚೀಲವನ್ನೂ ಸೇರಿಸಿಕೊಳ್ಳಿ. ಕಾಡಿಗೆ, ಕಡಲತೀರಕ್ಕೆ ನೀವು ಒಯ್ದ ಪ್ರತಿ ಪ್ಲಾಸ್ಟಿಕ್ಕೂ ಅದರಲ್ಲೇ ಮನೆಗೆ ಮರಳಬೇಕು.